ಇನ್ನೊಬ್ಬರ ರಾಜಕೀಯ ನಂಬಿಕೆಯನ್ನು ಟೀಕಿಸಬಹುದೇ? ಟೀಕಿಸುವುದಾದರೆ ಹೇಗೆ?

"ಅವರವರ ರಾಜಕೀಯ ಅವರವರಿಗೆ. ತಪ್ಪು ಅನ್ನೋಕೆ ನಾವ್ಯಾರು?" ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಇನ್ನು ಕೆಲವರದು ಇದರ ಉಲ್ಟಾ ಪ್ರಶ್ನೆ: "ಎದುರಿಗೇ ಇಷ್ಟು ತಪ್ಪು ಮಾತಾಡ್ತಿದ್ರೂ ಸುಮ್ನೆ ಕೂತಿರಬೇಕಾ?" ಇಬ್ಬರಿಗೂ ಸೇರಿಸಿ ಇಲ್ಲಿ ಉತ್ತರ ಕೊಡುತ್ತೇನೆ.

ಚಿಕ್ಕ ಉತ್ತರ ಬೇಕಿದ್ದರೆ: ಧಾರಾಳವಾಗಿ ಟೀಕಿಸಬಹುದು. ಆದರೆ ಆ ನಂಬಿಕೆಯ ಯಾವ ಭಾಗವನ್ನು ಟೀಕಿಸುತ್ತಿದ್ದೀರಿ ಅನ್ನುವುದು ಬಾಯಿ ತೆರೆಯುವ ಮುಂಚೆ ನಿಮಗೆ ಗೊತ್ತಿರಬೇಕು. ನಾನು ನೋಡಿದ ಹೆಚ್ಚಿನ ರಾಜಕೀಯ ಜಗಳಗಳು ಕೆಟ್ಟಿದ್ದು ಇಲ್ಲೇ.

ಮೊದಲು, ಯಾಕೆ ಟೀಕಿಸಬಹುದು

ನಿಮಗೆ ಯಾವ ಬಣ್ಣ ಇಷ್ಟ, ಯಾವ ಹಾಡು ಇಷ್ಟ ಅನ್ನುವುದರಿಂದ ನನಗೇನೂ ಆಗಬೇಕಿಲ್ಲ. ರಾಜಕೀಯ ನಂಬಿಕೆ ಹಾಗಲ್ಲ. ಅದು ಮತವಾಗುತ್ತದೆ, ಮತ ಕಾನೂನಾಗುತ್ತದೆ, ಆ ಕಾನೂನು ಒಪ್ಪದವರ ಮೇಲೂ ನಡೆಯುತ್ತದೆ. ತೆರಿಗೆ ಕಟ್ಟುವವರು, ಜೈಲಿಗೆ ಹೋಗುವವರು, ಶಾಲೆ ಸಿಗದವರು ಬೇರೆ ಯಾರೋ ಆಗಿರಬಹುದು. ಭಾರ ಹೊರುವವರಿಗೆ ಕಾರಣ ಕೇಳುವ ಹಕ್ಕಿದೆ.

"ನನ್ನ ಅಭಿಪ್ರಾಯ ನನ್ನ ಹಕ್ಕು" ಅನ್ನುವ ಮಾತು ನಿಜವೇ. 1948ರ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯ 19ನೇ ವಿಧಿ ಅಭಿಪ್ರಾಯ ಇಟ್ಟುಕೊಳ್ಳುವ ಹಕ್ಕನ್ನೂ ಅದನ್ನು ಹೇಳುವ ಹಕ್ಕನ್ನೂ ಎಲ್ಲರಿಗೂ ಕೊಡುತ್ತದೆ. ಅದೇ ವಿಧಿಯಡಿ "ನಿಮ್ಮ ಅಭಿಪ್ರಾಯ ತಪ್ಪು" ಅನ್ನುವ ಹಕ್ಕು ನನಗೂ ಸಿಗುತ್ತದೆ. ಒಂದು ಮಾತು ಹೇಳುವ ಹಕ್ಕಿದೆ ಅಂದ ಮಾತ್ರಕ್ಕೆ ಆ ಮಾತು ಸರಿ ಅಂತಾಗುವುದಿಲ್ಲ, ಅಲ್ವಾ?

ಇನ್ನು "ರಾಜಕೀಯದಲ್ಲಿ ಸರಿ ತಪ್ಪು ಅಂತಲೇ ಇಲ್ಲ" ಅನ್ನುವವರು. ಇವರಿಗೆ ಸ್ವಿಟ್ಜರ್ಲೆಂಡಿನ ಕಥೆ ಹೇಳಬೇಕು. ಅಲ್ಲಿ 1959ರಲ್ಲಿ ಹೆಣ್ಣುಮಕ್ಕಳಿಗೆ ರಾಷ್ಟ್ರಮಟ್ಟದ ಮತದ ಹಕ್ಕು ಕೊಡಬೇಕೇ ಅಂತ ಗಂಡಸರನ್ನು ಕೇಳಿದರು. ಸುಮಾರು ಮೂರನೇ ಎರಡು ಭಾಗ ಜನ ಬೇಡ ಅಂದರು. 1971ರಲ್ಲಿ ಮತ್ತೆ ಕೇಳಿದಾಗ ಸುಮಾರು ಅಷ್ಟೇ ಪಾಲು ಜನ ಬೇಕು ಅಂದರು. ನಡುವೆ ಹನ್ನೆರಡೇ ವರ್ಷ. ಆ ಹನ್ನೆರಡು ವರ್ಷದಲ್ಲಿ ಹೆಣ್ಣುಮಕ್ಕಳು "ಅವರವರ ರಾಜಕೀಯ ಅವರವರಿಗೆ" ಅಂತ ಸುಮ್ಮನೆ ಕೂತಿರಲಿಲ್ಲ.

ಏನೇನು ಬೇಕು

ವಿಷಯದ ಬಗ್ಗೆ ಒಂದಿಷ್ಟು ಓದಿರಬೇಕು. ಅವಸರ ಇರಬಾರದು. ಜೊತೆಗೆ ಒಂದು ಪ್ರಶ್ನೆಗೆ ನಿಮ್ಮ ಹತ್ತಿರ ಪ್ರಾಮಾಣಿಕ ಉತ್ತರ ಇರಬೇಕು: "ಏನು ಗೊತ್ತಾದರೆ ನಾನು ನನ್ನ ನಿಲುವು ಬದಲಿಸುತ್ತೇನೆ?" "ಏನೇ ಗೊತ್ತಾದರೂ ಬದಲಿಸಲ್ಲ" ಅನ್ನುವುದೇ ಉತ್ತರವಾದರೆ ಇವತ್ತು ಮಾತು ಶುರು ಮಾಡಬೇಡಿ. ಎದುರಿನವರಿಂದ ನೀವು ಕೇಳುತ್ತಿರುವುದನ್ನು ಕೊಡೋಕೆ ನೀವೇ ತಯಾರಿಲ್ಲ.

ಉದಾಹರಣೆಗೆ ಒಂದು ನಂಬಿಕೆಯನ್ನು ಕೊನೆಯವರೆಗೂ ಇಟ್ಟುಕೊಳ್ಳೋಣ: "ಮನೆ ಬಾಡಿಗೆಗೆ ಸರ್ಕಾರ ಮಿತಿ ಹಾಕಬೇಕು." ಅಂದರೆ ಮಾಲೀಕರು ಇಷ್ಟಕ್ಕಿಂತ ಜಾಸ್ತಿ ಬಾಡಿಗೆ ಏರಿಸಬಾರದು ಅನ್ನುವ ಕಾನೂನು. ಇದಕ್ಕಿಂತ ಬಿಸಿಯಾದ ವಿಷಯ ಬೇಕಾದಷ್ಟಿವೆ. ವಿಧಾನ ಕಲಿಯುವಾಗ ಬಿಸಿ ಕಡಿಮೆ ಇದ್ದರೆ ಒಳ್ಳೆಯದು.

ಹಂತ 1: ಊಹಿಸಬೇಡಿ, ಕೇಳಿ

ಅವರು ಯಾವ ಪಕ್ಷಕ್ಕೆ ಮತ ಹಾಕುತ್ತಾರೆ ಅಂತ ಗೊತ್ತಿದ್ದರೆ ಅವರು ಏನೇನು ನಂಬುತ್ತಾರೆ ಅಂತಲೂ ಗೊತ್ತು ಅಂದುಕೊಳ್ಳುತ್ತೇವೆ. ಈ ಊಹೆ ಎಷ್ಟು ದಾರಿ ತಪ್ಪಬಹುದು ಅನ್ನೋದಕ್ಕೆ ಅಮೆರಿಕದ ಒಂದು ಅಧ್ಯಯನ ಇದೆ, 2018ರಲ್ಲಿ ಪ್ರಕಟವಾದದ್ದು. ರಿಪಬ್ಲಿಕನ್ ಪಕ್ಷದ ಬೆಂಬಲಿಗರಲ್ಲಿ ವರ್ಷಕ್ಕೆ ಎರಡೂವರೆ ಲಕ್ಷ ಡಾಲರಿಗಿಂತ ಜಾಸ್ತಿ ದುಡಿಯುವವರು ಎಷ್ಟು ಅಂತ ಕೇಳಿದಾಗ ಜನರ ಸರಾಸರಿ ಅಂದಾಜು ಶೇ. 38. ನಿಜವಾಗಿ ಇದ್ದದ್ದು ಶೇ. 2. ಡೆಮಾಕ್ರಟಿಕ್ ಪಕ್ಷದವರ ಬಗ್ಗೆಯೂ ಇಂಥದ್ದೇ ಉತ್ಪ್ರೇಕ್ಷೆ.

ಹಾಗಾಗಿ ಮೊದಲ ಮಾತು ಪ್ರಶ್ನೆಯಾಗಿರಲಿ. "ಯಾವ ಮನೆಗಳಿಗೆ ಮಿತಿ ಹಾಕಬೇಕು ಅಂತೀರಿ? ಎಲ್ಲದಕ್ಕೂನಾ, ಹಳೆಯ ಮನೆಗಳಿಗೆ ಮಾತ್ರಾನಾ?" ಅರ್ಧ ಸಲ ನೀವು ಟೀಕಿಸಬೇಕು ಅಂದುಕೊಂಡಿದ್ದ ನಂಬಿಕೆ ಅವರಲ್ಲಿ ಇರುವುದೇ ಇಲ್ಲ.

ಹಂತ 2: ಅವರ ಮಾತನ್ನು ಅವರೇ ಒಪ್ಪುವ ಹಾಗೆ ಹೇಳಿ

ಗಣಿತಜ್ಞ ಅನಟೋಲ್ ರಾಪೊಪೋರ್ಟ್ ಕೊಟ್ಟ ಸಲಹೆ ಇದು. ಎದುರಾಳಿಯ ನಿಲುವನ್ನು ನಿಮ್ಮ ಮಾತಿನಲ್ಲಿ ಹೇಳಿ, ಅವರು "ಹೌದು, ಇದನ್ನೇ ನಾನು ಹೇಳಿದ್ದು" ಅನ್ನುವವರೆಗೂ ಮುಂದೆ ಹೋಗಬೇಡಿ.

ಎಚ್ಚರಿಕೆ: ಹೇಳದ ಮಾತನ್ನು ಅವರ ಬಾಯಿಗೆ ತುರುಕಿ ಅದನ್ನು ಹೊಡೆದುಹಾಕುವುದು ಬಹಳ ಸುಲಭ. "ಅಂದ್ರೆ ಮಾಲೀಕರೆಲ್ಲ ಕಳ್ಳರು ಅಂತಾಯ್ತು" ಅಂದರೆ ನೀವು ಗೆದ್ದ ಹಾಗೆ ಕಾಣುತ್ತದೆ. ಗೆದ್ದದ್ದು ನೀವೇ ಕಟ್ಟಿದ ಗೊಂಬೆಯ ಎದುರು.

ಹಂತ 3: ನಂಬಿಕೆಯನ್ನು ಬಿಡಿಸಿ ನೋಡಿ

ಈ ಲೇಖನದ ಮುಖ್ಯ ಕೆಲಸ ಇದು. ಒಂದು ರಾಜಕೀಯ ನಂಬಿಕೆ ಒಂದೇ ತುಂಡಲ್ಲ. ಅದರಲ್ಲಿ ಸಾಮಾನ್ಯವಾಗಿ ಮೂರು ಎಳೆ ಇರುತ್ತವೆ.

ಸಂಗತಿ: ಜಗತ್ತು ಹೇಗಿದೆ, ಏನು ಮಾಡಿದರೆ ಏನಾಗುತ್ತದೆ. "ಮಿತಿ ಹಾಕಿದರೆ ಬಡವರು ಮನೆ ಕಳೆದುಕೊಳ್ಳುವುದು ಕಡಿಮೆಯಾಗುತ್ತದೆ."

ಮೌಲ್ಯ: ಯಾವುದು ಮುಖ್ಯ, ಯಾವುದು ನ್ಯಾಯ. "ತಲೆ ಮೇಲೊಂದು ಸೂರು ಎಲ್ಲರ ಹಕ್ಕು."

ತೂಕ: ಎರಡು ಒಳ್ಳೆಯ ವಿಷಯಗಳು ಒಂದಕ್ಕೊಂದು ಅಡ್ಡ ಬಂದಾಗ ಯಾವುದಕ್ಕೆ ಎಷ್ಟು ಬೆಲೆ. "ಮಾಲೀಕರ ಸ್ವಾತಂತ್ರ್ಯ ಸ್ವಲ್ಪ ಹೋದರೂ ಪರವಾಗಿಲ್ಲ, ಬಾಡಿಗೆದಾರರು ಬೀದಿಗೆ ಬೀಳಬಾರದು."

ಸಂಗತಿಯಿಂದ ಮಾತ್ರ ಮೌಲ್ಯ ಹುಟ್ಟುವುದಿಲ್ಲ ಅನ್ನುವುದು ಹೊಸ ಮಾತೇನಲ್ಲ. "ಹೀಗಿದೆ" ಅನ್ನುವುದರಿಂದ "ಹೀಗಿರಬೇಕು" ಅನ್ನುವುದಕ್ಕೆ ಜನ ಸದ್ದಿಲ್ಲದೆ ಜಾರುತ್ತಾರೆ ಅಂತ ಸ್ಕಾಟ್ಲೆಂಡಿನ ತತ್ವಜ್ಞಾನಿ ಡೇವಿಡ್ ಹ್ಯೂಮ್ 1740ರ ಹೊತ್ತಿಗೇ ಬರೆದಿದ್ದ. ಆದರೂ ನಾವು ದಿನಾ ಜಾರುತ್ತೇವೆ.

ಬಾಡಿಗೆಯ ವಿಷಯದಲ್ಲೇ ನೋಡಿ. ಸ್ಯಾನ್ ಫ್ರಾನ್ಸಿಸ್ಕೊ ನಗರ 1994ರಲ್ಲಿ ಬಾಡಿಗೆ ಮಿತಿಯನ್ನು 1980ಕ್ಕೆ ಮುಂಚೆ ಕಟ್ಟಿದ ಸಣ್ಣ ಕಟ್ಟಡಗಳಿಗೂ ವಿಸ್ತರಿಸಿತು. ಅದರ ಪರಿಣಾಮವನ್ನು ಮೂವರು ಅರ್ಥಶಾಸ್ತ್ರಜ್ಞರು ಅಳೆದು 2019ರಲ್ಲಿ ಪ್ರಕಟಿಸಿದರು. ಮಿತಿಯ ರಕ್ಷಣೆ ಸಿಕ್ಕ ಬಾಡಿಗೆದಾರರು ತಮ್ಮ ಮನೆಯಲ್ಲೇ, ತಮ್ಮ ಊರಿನಲ್ಲೇ ಉಳಿಯುವುದು ಜಾಸ್ತಿಯಾಗಿತ್ತು. ಅದೇ ಹೊತ್ತಿಗೆ ಆ ಕಟ್ಟಡಗಳ ಮಾಲೀಕರು ಬಾಡಿಗೆಗೆ ಕೊಡುವ ಮನೆಗಳನ್ನು ಶೇ. 15ರಷ್ಟು ಕಡಿಮೆ ಮಾಡಿದ್ದರು. ಕೆಲವರು ಸ್ವಂತಕ್ಕೆ ವಾಸಿಸುವವರಿಗೆ ಮಾರಿದರು, ಕೆಲವರು ಕಟ್ಟಡವನ್ನೇ ಬದಲಿಸಿದರು. ಇದರಿಂದ ನಗರದ ಉಳಿದ ಬಾಡಿಗೆಗಳು ಏರಿರುವ ಸಾಧ್ಯತೆ ಹೆಚ್ಚು ಅನ್ನುವುದು ಅವರ ತೀರ್ಮಾನ.

ಮಿತಿ ಬೇಕು ಅನ್ನುವವರು ಇದರ ಮೊದಲ ಅರ್ಧ ಓದುತ್ತಾರೆ. ಬೇಡ ಅನ್ನುವವರು ಎರಡನೇ ಅರ್ಧ. ಇಬ್ಬರೂ ಪೂರ್ತಿ ಓದಿದರು ಅಂದುಕೊಳ್ಳಿ, ಆಗಲೂ ಜಗಳ ಮುಗಿಯುವುದಿಲ್ಲ. ಈಗಾಗಲೇ ಇರುವ ಬಾಡಿಗೆದಾರ ಮುಖ್ಯವೋ, ನಾಳೆ ಮನೆ ಹುಡುಕಿಕೊಂಡು ಬರುವವನು ಮುಖ್ಯವೋ? ಇದನ್ನು ಯಾವ ಅಧ್ಯಯನವೂ ಹೇಳುವುದಿಲ್ಲ. ಅದು ತೂಕದ ಪ್ರಶ್ನೆ.

ಒಂದು ಕಾಗದದಲ್ಲಿ ಮೂರು ಸಾಲು ಬರೆದುಕೊಳ್ಳಿ. ಎದುರಿನವರ ನಂಬಿಕೆಯ ಯಾವ ಎಳೆಯಲ್ಲಿ ನಿಮ್ಮ ತಕರಾರು ಅಂತ ಗುರುತು ಹಾಕಿ. ಎಷ್ಟೋ ಸಲ ಮೌಲ್ಯದಲ್ಲಿ ಇಬ್ಬರೂ ಒಂದೇ ಕಡೆ ಇರುತ್ತಾರೆ. ಸಂಗತಿ ಬೇರೆ ಬೇರೆ ನಂಬಿರುತ್ತಾರೆ, ಅಷ್ಟೇ. ಆದರೂ "ನಿಮಗೆ ಬಡವರ ಬಗ್ಗೆ ಕರುಣೆ ಇಲ್ಲ" ಅಂತ ಕೂಗಾಡಿರುತ್ತಾರೆ.

ಹಂತ 4: ಎಳೆಗೆ ತಕ್ಕ ಟೀಕೆ

ಸಂಗತಿ ತಪ್ಪಿದ್ದರೆ ನೇರವಾಗಿ ತಪ್ಪು ಅನ್ನಿ, ಪುರಾವೆ ಕೊಡಿ. ಇಲ್ಲಿ ಸಂಕೋಚ ಬೇಡ. ಅಂಕಿ ಅಂಶಕ್ಕೆ ಯಾರ ಭಾವನೆಯೂ ಅಡ್ಡಿಯಲ್ಲ.

ಮೌಲ್ಯವನ್ನು ಟೀಕಿಸೋಕೆ ಆಗಲ್ಲ ಅಂತ ಬಹಳ ಜನ ತಿಳಿದಿದ್ದಾರೆ. ಆಗುತ್ತದೆ. ದಾರಿಗಳಿವೆ. ಒಂದು, ಅವರದೇ ಬೇರೆ ಮಾತಿಗೆ ಇದು ಹೊಂದುತ್ತದೆಯೇ ನೋಡುವುದು. "ಸರ್ಕಾರ ಯಾರ ಆಸ್ತಿಗೂ ಕೈ ಹಾಕಬಾರದು" ಅನ್ನುವವರು ಪಕ್ಕದ ಮನೆಯವರು ನಾಲ್ಕು ಮಹಡಿ ಎಬ್ಬಿಸಿದಾಗ ದೂರು ಕೊಡುತ್ತಾರೆಯೇ? ಇನ್ನೊಂದು, ಆ ಮೌಲ್ಯವನ್ನು ಕೊನೆಯವರೆಗೂ ಎಳೆದರೆ ಎಲ್ಲಿಗೆ ಮುಟ್ಟುತ್ತದೆ ಅಂತ ತೋರಿಸುವುದು. ಮತ್ತೊಂದು, ಜಾಗ ಬದಲಿಸಿ ಕೇಳುವುದು. ಅಮೆರಿಕದ ತತ್ವಜ್ಞಾನಿ ಜಾನ್ ರಾಲ್ಸ್ 1971ರಲ್ಲಿ ಇದನ್ನು "ಅಜ್ಞಾನದ ಪರದೆ" ಅಂತ ಕರೆದ. ನೀವು ಹುಟ್ಟುವುದು ಮಾಲೀಕರಾಗಿಯೋ ಬಾಡಿಗೆದಾರರಾಗಿಯೋ ಗೊತ್ತಿಲ್ಲ ಅಂತ ಇಟ್ಟುಕೊಳ್ಳಿ. ಆಗ ಯಾವ ನಿಯಮಕ್ಕೆ ಕೈ ಎತ್ತುತ್ತೀರಿ?

ತೂಕದ ವಿಷಯದಲ್ಲಿ ದನಿ ಇಳಿಸಿ. ಒಂದೇ ಪುರಾವೆ ಮುಂದಿಟ್ಟುಕೊಂಡು ಇಬ್ಬರು ಸಮಂಜಸ ಮನುಷ್ಯರು ಬೇರೆ ಬೇರೆ ತೀರ್ಮಾನಕ್ಕೆ ಬರಬಹುದು. "ನಾನು ಹಾಗೆ ತೂಗಲ್ಲ, ಕಾರಣ ಇದು" ಅಂದರೆ ಸಾಕು. "ನೀವು ದಡ್ಡರು" ಅನ್ನೋಕೆ ಇಲ್ಲಿ ಆಧಾರ ಇರುವುದು ಅಪರೂಪ.

ನಂಬಿಕೆ ತಪ್ಪು ಅನ್ನುವುದು ಒಂದು, ನಂಬಿದವರು ತಪ್ಪಿತಸ್ಥರು ಅನ್ನುವುದು ಇನ್ನೊಂದು. ಇಂಗ್ಲೆಂಡಿನ ಗಣಿತಜ್ಞ ಕ್ಲಿಫರ್ಡ್ 1877ರಲ್ಲಿ ಒಬ್ಬ ಹಡಗಿನ ಮಾಲೀಕನ ಕಥೆ ಹೇಳಿದ್ದ. ಹಡಗು ಹಳೆಯದು ಅಂತ ಗೊತ್ತಿದ್ದೂ, ಏನೂ ಆಗಲ್ಲ ಅಂತ ತನ್ನನ್ನು ತಾನೇ ನಂಬಿಸಿಕೊಂಡು ಜನರನ್ನು ಹತ್ತಿಸಿ ಕಳಿಸುತ್ತಾನೆ. ಹಡಗು ಮುಳುಗುತ್ತದೆ. ಒಂದು ವೇಳೆ ಅದು ದಡ ಸೇರಿದ್ದರೂ ಅವನ ತಪ್ಪು ಕಡಿಮೆಯಾಗುತ್ತಿರಲಿಲ್ಲ ಅಂತಾನೆ ಕ್ಲಿಫರ್ಡ್. ವಿಚಾರಿಸದೆ ನಂಬಿದ್ದೇ ತಪ್ಪು. ನಾನು ಅವನಷ್ಟು ಕಟ್ಟುನಿಟ್ಟಲ್ಲ. ಸುತ್ತ ಇರುವವರೆಲ್ಲ ಒಂದೇ ಸುಳ್ಳು ಹೇಳಿದಾಗ ನಂಬಿದವರನ್ನು ಬೈದು ಏನು ಪ್ರಯೋಜನ? ಪುರಾವೆ ಕೈಗೆ ಕೊಟ್ಟರೂ ಕಣ್ಣು ಮುಚ್ಚಿಕೊಳ್ಳುವವರ ವಿಷಯ ಬೇರೆ.

ಹಂತ 5: ಅದೇ ತಕ್ಕಡಿಯಲ್ಲಿ ನೀವೂ ಕೂರಿ

ತನ್ನ ತಟ್ಟೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದ ತಟ್ಟೆಯ ನೊಣ ತೋರಿಸುವುದು ರಾಜಕೀಯದಲ್ಲಿ ನಡೆಯುವಷ್ಟು ಇನ್ನೆಲ್ಲೂ ನಡೆಯುವುದಿಲ್ಲ. 1979ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಮರಣದಂಡನೆಯ ಪರ ಇದ್ದ ಮತ್ತು ವಿರೋಧ ಇದ್ದ ವಿದ್ಯಾರ್ಥಿಗಳಿಗೆ ಎರಡು ಅಧ್ಯಯನಗಳನ್ನು ಓದಲು ಕೊಟ್ಟರು. ಒಂದು, ಮರಣದಂಡನೆಯಿಂದ ಕೊಲೆ ಕಡಿಮೆಯಾಗುತ್ತದೆ ಅನ್ನುವುದು. ಇನ್ನೊಂದು, ಆಗುವುದಿಲ್ಲ ಅನ್ನುವುದು. ಎಲ್ಲರೂ ಎರಡನ್ನೂ ಓದಿದರು. ಪ್ರತಿಯೊಬ್ಬರಿಗೂ ತಮ್ಮ ಕಡೆಯ ಅಧ್ಯಯನ ಗಟ್ಟಿಯಾಗಿ ಕಂಡಿತು, ಎದುರಿನದರಲ್ಲಿ ಹುಳುಕು ಕಂಡಿತು. ಕೊನೆಗೆ ಎರಡು ಗುಂಪೂ ಮೊದಲಿಗಿಂತ ದೂರ ಹೋಗಿದ್ದವು.

ಇದಕ್ಕೆ ಮದ್ದೂ ಸಿಕ್ಕಿತು. 1984ರಲ್ಲಿ ಇದೇ ಪ್ರಯೋಗ ಮುಂದುವರಿಸಿದಾಗ "ಪಕ್ಷಪಾತ ಮಾಡಬೇಡಿ" ಅಂತ ಹೇಳಿದ್ದು ಕೆಲಸಕ್ಕೆ ಬರಲಿಲ್ಲ. "ಇದೇ ಅಧ್ಯಯನ ಉಲ್ಟಾ ಫಲಿತಾಂಶ ಕೊಟ್ಟಿದ್ದರೆ ನೀವು ಇದೇ ಮಾರ್ಕು ಕೊಡುತ್ತಿದ್ದಿರಾ?" ಅಂತ ಯೋಚಿಸಲು ಹೇಳಿದಾಗ ಪಕ್ಷಪಾತ ತಗ್ಗಿತು. ಆ ಪ್ರಶ್ನೆಯನ್ನು ಹಾಗೇ ಎತ್ತಿಕೊಳ್ಳಿ. ನಿಮ್ಮ ಪಕ್ಷದವರು ಇದೇ ಕೆಲಸ ಮಾಡಿದ್ದರೆ ಏನನ್ನುತ್ತಿದ್ದಿರಿ? ಉತ್ತರ ಮುಜುಗರ ತಂದರೆ ಟೀಕೆಯನ್ನು ತಿದ್ದಿ, ಇಲ್ಲವೇ ಇಬ್ಬರನ್ನೂ ಸೇರಿಸಿ ಟೀಕಿಸಿ.

ಹಂತ 6: ಎಲ್ಲಿ, ಯಾರ ಮುಂದೆ

ಸರಿಯಾದ ಟೀಕೆಯೂ ತಪ್ಪು ಜಾಗದಲ್ಲಿ ತಪ್ಪಾಗಬಹುದು. ಇಂಗ್ಲೆಂಡಿನ ತತ್ವಜ್ಞಾನಿ ಜಾನ್ ಸ್ಟುವರ್ಟ್ ಮಿಲ್ 1859ರಲ್ಲಿ ಕೊಟ್ಟ ಉದಾಹರಣೆ ಇವತ್ತಿಗೂ ಹೊಂದುತ್ತದೆ. "ಧಾನ್ಯದ ವ್ಯಾಪಾರಿಗಳು ಬಡವರನ್ನು ಉಪವಾಸ ಕೆಡವುತ್ತಾರೆ" ಅಂತ ಪತ್ರಿಕೆಯಲ್ಲಿ ಬರೆದರೆ ಯಾರೂ ತಡೆಯಬಾರದು. ಅದೇ ಮಾತನ್ನು ವ್ಯಾಪಾರಿಯ ಮನೆ ಮುಂದೆ ರೊಚ್ಚಿಗೆದ್ದು ನಿಂತ ಗುಂಪಿಗೆ ಹೇಳಿದರೆ ಶಿಕ್ಷೆಯಾಗಬಹುದು. ಮಿಲ್ ವಾಕ್ ಸ್ವಾತಂತ್ರ್ಯದ ದೊಡ್ಡ ಪ್ರತಿಪಾದಕ. ಅವನೇ ಎಳೆದ ಗೆರೆ ಇದು.

ಅಧಿಕಾರದ ಅಂತರವನ್ನೂ ನೋಡಿ. ನೀವು ಬಾಸ್ ಆಗಿದ್ದು ಕೆಳಗಿನವರ ರಾಜಕೀಯವನ್ನು ಎಲ್ಲರ ಮುಂದೆ ಟೀಕಿಸಿದರೆ ಅವರು ಉತ್ತರ ಕೊಡುವ ಸ್ಥಿತಿಯಲ್ಲಿ ಇರುವುದಿಲ್ಲ. ಮೇಷ್ಟ್ರು ಮಕ್ಕಳ ಮುಂದೆ ಮಾಡಿದರೂ ಅಷ್ಟೇ. ತಿರುಗಿ ಮಾತಾಡೋಕೆ ಆಗದವರನ್ನು ಟೀಕಿಸುವುದಕ್ಕೆ ಬೇರೆ ಹೆಸರಿದೆ. ಅದೇ ಮಂತ್ರಿಯ ನಂಬಿಕೆಯನ್ನು ಬಹಿರಂಗವಾಗಿ ಟೀಕಿಸಲು ಇಂಥ ಯಾವ ಅಡ್ಡಿಯೂ ಬೇಡ. ಅವರ ನಂಬಿಕೆಗೆ ಖಜಾನೆಯ ಬಲ ಇದೆ.

ಇಲ್ಲೇ ಒಂದು ವಿನಾಯಿತಿ ಹೇಳಬೇಕು. ಕೆಲವು ನಂಬಿಕೆಗಳು ಇನ್ನೊಂದು ಗುಂಪಿನ ಜನ ಮಾತಾಡಲೇಬಾರದು, ಬದುಕಲೇಬಾರದು ಅನ್ನುತ್ತವೆ. ಸಹನೆಯನ್ನೇ ನಾಶ ಮಾಡಲು ಹೊರಟವರ ಎದುರು ಮಿತಿಯಿಲ್ಲದ ಸಹನೆ ಸಲ್ಲದು ಅಂತ ತತ್ವಜ್ಞಾನಿ ಕಾರ್ಲ್ ಪಾಪರ್ 1945ರಲ್ಲಿ ಬರೆದ. ಅವನ ಮಾತಿನ ಇನ್ನೊಂದು ಭಾಗವನ್ನು ಜನ ಬಿಟ್ಟುಬಿಡುತ್ತಾರೆ: ವಾದದಿಂದ ಎದುರಿಸಲು ಆಗುವವರೆಗೂ ಬಾಯಿ ಮುಚ್ಚಿಸುವುದು ಜಾಣತನವಲ್ಲ. ಅಂಥ ನಂಬಿಕೆಯ ಏಟು ತಿನ್ನುತ್ತಿರುವವರಿಗೆ ಈ ಮಾರ್ಗದರ್ಶಿಯ ನಯ ನಾಜೂಕು ಯಾವುದೂ ಕಡ್ಡಾಯವಲ್ಲ. ಅವರು ಕೂಗಿದರೆ ಕೂಗಲಿ.

ಹಂತ 7: ಮಾತು ಶುರು ಮಾಡಿ, "ಹೇಗೆ" ಅಂತ ಕೇಳಿ

"ಯಾಕೆ ಹಾಗಂತೀರಿ?" ಅಂದರೆ ಜನ ಬಾಯಿಪಾಠದ ಕಾರಣ ಒಪ್ಪಿಸುತ್ತಾರೆ. "ಇದು ಹೇಗೆ ನಡೆಯುತ್ತದೆ?" ಅಂದರೆ ಯೋಚಿಸುತ್ತಾರೆ. 2002ರ ಒಂದು ಪ್ರಯೋಗದಲ್ಲಿ ಜಿಪ್, ಟಾಯ್ಲೆಟ್ ಫ್ಲಶ್ ಥರದ ದಿನಬಳಕೆಯ ವಸ್ತುಗಳು ಹೇಗೆ ಕೆಲಸ ಮಾಡುತ್ತವೆ ಅಂತ ಬಿಡಿಸಿ ಬರೆಯಲು ಹೇಳಿದರು. ಬರೆದ ಮೇಲೆ ಜನ ತಮ್ಮ ತಿಳುವಳಿಕೆಗೆ ತಾವೇ ಕೊಟ್ಟುಕೊಂಡಿದ್ದ ಅಂಕ ಇಳಿಯಿತು. 2013ರಲ್ಲಿ ಸರ್ಕಾರಿ ನೀತಿಗಳ ಬಗ್ಗೆ ಇದನ್ನೇ ಮಾಡಿದಾಗಲೂ ಇಳಿಯಿತು.

ಒಂದು ಮಾದರಿ:

"ಬಾಡಿಗೆಗೆ ಮಿತಿ ಹಾಕಿದ್ರೆ ಎಲ್ಲ ಸರಿಹೋಗತ್ತೆ ಬಿಡು."

"ಈಗಾಗಲೇ ಇರೋರಿಗೆ ಅನುಕೂಲ ಆಗತ್ತೆ ದೊಡ್ಡಪ್ಪ, ಒಪ್ತೀನಿ. ಮುಂದಿನ ವರ್ಷ ಹೊಸದಾಗಿ ಮನೆ ಹುಡುಕೋರಿಗೆ ಹೇಗೆ ಅನುಕೂಲ ಆಗತ್ತೆ?"

"ಅವ್ರಿಗೂ ಕಡಿಮೆಗೆ ಸಿಗತ್ತಲ್ಲಪ್ಪ."

"ಮಾಲೀಕರು ಬಾಡಿಗೆ ಬೇಡ ಅಂತ ಮಾರಿಬಿಟ್ರೆ?"

"ಹಾಗೆಲ್ಲ ಮಾರದ ಹಾಗೆ ಕಾನೂನು ಮಾಡ್ಬೇಕು."

ಇಲ್ಲಿ ಯಾರೂ ಸೋಲಲಿಲ್ಲ. ಆದರೆ "ಎಲ್ಲ ಸರಿಹೋಗತ್ತೆ" ಅನ್ನುವ ಮಾತು ಈಗ ಒಂದು ಷರತ್ತಿನ ಮೇಲೆ ನಿಂತಿದೆ. ಮಾತಾಡಲು ಗಟ್ಟಿಯಾದ ವಿಷಯ ಸಿಕ್ಕಿತು. ಗಮನಿಸಿ, ಮೊದಲು ಒಪ್ಪುವ ಭಾಗವನ್ನು ಒಪ್ಪಿದ್ದಾಗಿದೆ. ಅದು ನಿಜವಾಗಿ ಒಪ್ಪಿದ್ದಾಗಿರಬೇಕು, ಸುಮ್ನೆ ಬೆಣ್ಣೆ ಹಚ್ಚಿದರೆ ದೊಡ್ಡಪ್ಪನಿಗೆ ಗೊತ್ತಾಗದೇ ಇರಲ್ಲ.

ಈ ಹಂತದಲ್ಲಿ ಬೀಳುವ ಗುಂಡಿಗಳು:

ಉದ್ದೇಶ ಊಹಿಸುವುದು. "ನಿಮಗೆ ಲಾಭ ಇದೆ, ಅದಕ್ಕೇ ಹಾಗಂತೀರಿ." ಇರಬಹುದು. ಲಾಭ ಇದ್ದವರ ಮಾತೂ ಸರಿಯಾಗಿರಬಹುದು.

"ನಿಮ್ಮವರು ಮಾಡಿದ್ದೇನು?" ಅವರೂ ತಪ್ಪು ಮಾಡಿದ್ದರೆ ತಪ್ಪು ಎರಡಾಯಿತು. ಮೊದಲನೆಯದು ಅಳಿಸಿಹೋಗಲಿಲ್ಲ.

ಇನ್ನು ಅಪ್ಪ ಅಮ್ಮನಿಂದ ಬಂದ ನಂಬಿಕೆ, ಜಾತಿಯಿಂದ ಬಂದ ನಂಬಿಕೆ ಅಂತ ತಳ್ಳಿಹಾಕುವುದು. ನಿಮ್ಮದು ಎಲ್ಲಿಂದ ಬಂತು? ಮೂಲ ಯಾವುದೇ ಇರಲಿ, ಮಾತನ್ನು ಮಾತಾಗಿ ನೋಡಿ.

ಹಂತ 8: ನಿಲ್ಲಿಸುವುದು

ಒಂದೇ ಮಾತು ಮೂರನೇ ಸಲ ಬಂದರೆ, ದನಿ ಏರುತ್ತಿದ್ದರೆ, ಸುತ್ತ ಪ್ರೇಕ್ಷಕರು ಸೇರುತ್ತಿದ್ದರೆ ನಿಲ್ಲಿಸಿ. ಆ ಕ್ಷಣದಲ್ಲಿ "ನೀವು ಹೇಳಿದ್ದೇ ಸರಿ" ಅಂತ ಯಾರೂ ಅನ್ನುವುದಿಲ್ಲ, ಅದನ್ನು ಕಾಯಬೇಡಿ. ಅವರು ಓದಬಹುದಾದ ಒಂದು ವಿಷಯ ಹೇಳಿ, ಅವರಿಂದಲೂ ಒಂದು ಕೇಳಿ ಬರೆದುಕೊಳ್ಳಿ.

ಬರೆದುಕೊಂಡದ್ದನ್ನು ನಿಜವಾಗಿಯೂ ಓದಿ. ಮುಂದಿನ ಸಲ ಸಿಕ್ಕಾಗ ದೊಡ್ಡಪ್ಪ ಮೊದಲು ಕೇಳುವುದು ಅದನ್ನೇ.